ಘಟ್ಟ ಹತ್ತಿ ಕಾಫಿ ತೋಟದಲ್ಲಿ ನಡೆಯುವುದು: ಕಾಸರಗೋಡಿನವರಿಗೆ ಹಂತ ಹಂತದ ಮಾರ್ಗದರ್ಶಿ

ರಜೆ ಬಂತೆಂದರೆ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಕಾರು ತುಂಬ ಜನ ಕೊಡಗಿನ ಕಾಫಿ ತೋಟಗಳಿಗೆ ಹೊರಡುತ್ತಾರೆ. ವಾಪಸ್ ಬಂದವರ ದೂರು ಹೆಚ್ಚುಕಡಿಮೆ ಒಂದೇ. ಗೇಟಿನಲ್ಲೇ ಹಿಂದೆ ಕಳಿಸಿದರು. ಒಳಗೆ ಬಿಟ್ಟರೂ ಅರ್ಧ ಗಂಟೆಯಲ್ಲಿ ದಿಕ್ಕು ತಪ್ಪಿತು. ಮಕ್ಕಳ ಕಾಲು ತುಂಬ ಇಂಬಳ. ಕೊನೆಗೆ ಸಂಪಾಜೆ ಘಟ್ಟದಲ್ಲಿ ಕತ್ತಲೆ, ಮಂಜು, ವಾಂತಿ. ಇದಕ್ಕೆಲ್ಲ ಹಣೆಬರಹವನ್ನು ದೂರಬೇಕಾಗಿಲ್ಲ. ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿದ್ದರಿಂದ ಹೀಗಾಗುತ್ತದೆ.

ನಮ್ಮ ಅಡಿಕೆ ತೋಟದ ಅಭ್ಯಾಸವೇ ಇಲ್ಲಿ ದಾರಿ ತಪ್ಪಿಸುತ್ತದೆ. ಅಡಿಕೆ ತೋಟದಲ್ಲಿ ಮರಗಳ ನಡುವೆ ಆಚೆ ಗುಡ್ಡದವರೆಗೂ ಕಣ್ಣು ಹಾಯುತ್ತದೆ. ಯಾರದ್ದೋ ತೋಟಕ್ಕೆ ಇಳಿದರೂ ‘ಓ, ಇಂಥವರ ಮಗನಾ’ ಎಂದು ಮಾತಿಗೆ ಕರೆಯುವವರಿರುತ್ತಾರೆ. ಕಾಫಿ ಗಿಡ ಆಳೆತ್ತರ ಬೆಳೆದು ಅಡ್ಡಡ್ಡ ಹಬ್ಬಿರುತ್ತದೆ. ನಾಲ್ಕು ಗಿಡದಾಚೆ ಏನಿದೆ ಎಂದು ಕಾಣುವುದಿಲ್ಲ. ಹಗಲಿಡೀ ಅಲ್ಲಿ ಕೆಲಸ ನಡೆಯುತ್ತದೆ, ಕತ್ತಲಾದ ಮೇಲೆ ಆನೆ ಓಡಾಡುತ್ತದೆ. ಬಂದವರು ನಡೆಯಬೇಕಾದ್ದು ಈ ಎರಡಕ್ಕೂ ಅಡ್ಡ ಬಾರದ ಹೊತ್ತಿನಲ್ಲಿ, ಅಡ್ಡ ಬಾರದ ದಾರಿಯಲ್ಲಿ. ಮುಂದಿನ ಹಂತಗಳೆಲ್ಲ ಇದನ್ನೇ ಅನುಸರಿಸಿವೆ.

ಹಂತ 1: ಯಾವ ನಡಿಗೆ ಎಂದು ಮನೆಯಲ್ಲೇ ತೀರ್ಮಾನಿಸಿ

‘ಕಾಫಿ ತೋಟದಲ್ಲಿ ಟ್ರೆಕ್ಕಿಂಗ್’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಮೂರು ಸಂಗತಿಗಳು ಸೇರಿಕೊಂಡಿವೆ. ಒಂದು, ರಸ್ತೆ ಬದಿಯಲ್ಲಿ ಟಿಕೆಟ್ ಕೊಟ್ಟು ಗಂಟೆಯೊಳಗೆ ತೋರಿಸಿ ಕಳಿಸುವ ಪ್ಲಾಂಟೇಶನ್ ಟೂರ್. ಎರಡು, ಹೋಂಸ್ಟೇ ಅಥವಾ ಎಸ್ಟೇಟಿನವರ ಜೊತೆ ಎರಡು-ಮೂರು ಗಂಟೆ ತೋಟ ಸುತ್ತುವುದು. ಮೂರು, ತೋಟದ ನಡುವೆ ಹಾದು ಬೆಟ್ಟದ ತುದಿ ಮುಟ್ಟುವ ಚಾರಣ.

ಮೂರನೆಯದಕ್ಕೆ ಒಳ್ಳೆಯ ಉದಾಹರಣೆ ಕಕ್ಕಬ್ಬೆ ಹತ್ತಿರದ ತಡಿಯಂಡಮೋಳ್. 1,748 ಮೀಟರ್ ಎತ್ತರದ ಇದು ಕೊಡಗಿನ ಅತಿ ಎತ್ತರದ ಶಿಖರ. ನಾಲ್ಕುನಾಡು ಅರಮನೆಯ ಕಡೆಯಿಂದ ಹೊರಟರೆ ಮೊದಲು ಕಾಫಿ ತೋಟ, ಆಮೇಲೆ ಶೋಲಾ ಎಂಬ ಬೆಟ್ಟದ ಕಣಿವೆಯ ಹಸಿರು ಕಾಡು, ಕೊನೆಗೆ ಬೋಳು ಹುಲ್ಲುಗುಡ್ಡ. ಇಲ್ಲಿಗೆ ಎಸ್ಟೇಟಿನವರ ಒಪ್ಪಿಗೆ ಸಾಕಾಗದು, ಅರಣ್ಯ ಇಲಾಖೆಯ ಅನುಮತಿ ಬೇಕು. ಇಲಾಖೆಯ ಚಾರಣ ಬುಕಿಂಗ್ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ನಡೆಯುತ್ತದೆ. ಹೊರಡುವ ಮೊದಲು ಅಲ್ಲಿ ನೋಡಿ, ಮಳೆಗಾಲದಲ್ಲೂ ಕಾಳ್ಗಿಚ್ಚಿನ ದಿನಗಳಲ್ಲೂ ಚಾರಣದ ದಾರಿಗಳನ್ನು ಮುಚ್ಚುವುದುಂಟು.

ಜೊತೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳು, ಮಂಡಿನೋವಿನ ಅಜ್ಜ-ಅಜ್ಜಿ ಇದ್ದರೆ ಎರಡನೆಯದನ್ನೇ ಆರಿಸಿ. ಈ ಮಾರ್ಗದರ್ಶಿಯಲ್ಲಿ ಹೆಚ್ಚಿನ ಮಾತು ಅದರ ಬಗ್ಗೆಯೇ. ಬೆಟ್ಟ ಹತ್ತುವ ಆಸೆ ಇದ್ದು ಕಾಲಿನ ಮೇಲೆ ನಂಬಿಕೆ ಇಲ್ಲದಿದ್ದರೆ ಮೊದಲು ನಮ್ಮದೇ ಜಿಲ್ಲೆಯ ರಾಣಿಪುರಂ ಹತ್ತಿ ಇಳಿಯಿರಿ. ಕಾಡಿನ ಏರು, ಹುಲ್ಲುಗುಡ್ಡ, ಇಂಬಳ ಎಲ್ಲ ಅಲ್ಲೂ ಇವೆ. ಇಳಿಯುವಾಗ ಮಂಡಿ ಏನು ಹೇಳುತ್ತದೆಂದು ಅಲ್ಲೇ ಗೊತ್ತಾಗುತ್ತದೆ.

ಹಂತ 2: ದಿನ ಆರಿಸುವುದು

ಕಾಸರಗೋಡಿನವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮ ಮಕ್ಕಳ ರಜೆ ಕೇರಳದ ಶಾಲಾ ಕ್ಯಾಲೆಂಡರಿನದು: ಓಣಂ, ಕ್ರಿಸ್ಮಸ್, ಬೇಸಿಗೆ. ಈ ಮೂರರಲ್ಲಿ ಕಾಫಿ ತೋಟಕ್ಕೆ ಸರಿಹೊಂದುವುದು ಕ್ರಿಸ್ಮಸ್ ರಜೆ ಮಾತ್ರ.

ಓಣಂ ಬರುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಆಗ ಕೊಡಗಿನಲ್ಲಿ ಮಳೆ ಬಿಟ್ಟಿರುವುದಿಲ್ಲ, ಇಂಬಳ ತುಂಬಿರುತ್ತದೆ, ದಾರಿ ಜಾರುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಕುಸಿದು ಮಡಿಕೇರಿ-ಮಂಗಳೂರು ರಸ್ತೆ ಕಡಿದುಹೋದದ್ದು ಆ ದಾರಿಯಲ್ಲಿ ಓಡಾಡುವವರಿಗೆ ನೆನಪಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ನಡಿಗೆ ಬೇಡ ಎಂದೇ ಹೇಳುತ್ತೇನೆ. ‘ಮಳೆಯಲ್ಲಿ ಚಂದ’ ಎನ್ನುವವರು ವರಾಂಡದಲ್ಲಿ ಕೂತು ನೋಡಲಿ. ಅಕ್ಟೋಬರಿನಲ್ಲಿ ಮಳೆ ತಗ್ಗಿದರೂ ಇಂಬಳ ಹೋಗಿರುವುದಿಲ್ಲ.

ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಎಂದು ಎರಡು ಜಾತಿ. ಅರೇಬಿಕಾ ಹಣ್ಣಿನ ಕುಯ್ಲು ನವೆಂಬರಿನಿಂದ ಜನವರಿವರೆಗೆ, ರೊಬಸ್ಟಾ ಡಿಸೆಂಬರ್ ಕೊನೆಯಿಂದ ಫೆಬ್ರವರಿ-ಮಾರ್ಚ್‌ವರೆಗೆ. ನೆಲ ಒಣಗಿರುತ್ತದೆ, ಬೆಳಗ್ಗೆ ಚಳಿ, ಗಿಡದಲ್ಲಿ ಕೆಂಪು ಹಣ್ಣು, ಕಣದಲ್ಲಿ ಒಣಗುವ ಕಾಫಿ. ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ತೋಟದವರಿಗೂ ಉಸಿರಾಡಲು ಬಿಡುವಿಲ್ಲದ ಕಾಲವಿದು. ಅದಕ್ಕೇ ಫೋನ್ ಮಾಡದೆ ಹೋದವರನ್ನು ಗೇಟಿನಲ್ಲಿ ನಿಲ್ಲಿಸುತ್ತಾರೆ.

ಹೂ ನೋಡಬೇಕೆನ್ನುವವರ ಲೆಕ್ಕ ಬೇರೆ. ಮಾರ್ಚ್-ಏಪ್ರಿಲ್ ಹೊತ್ತಿಗೆ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಎಂಟು-ಹತ್ತು ದಿನದಲ್ಲಿ ಇಡೀ ತೋಟ ಒಟ್ಟಿಗೇ ಅರಳುತ್ತದೆ. ಎರಡು-ಮೂರು ದಿನದಲ್ಲಿ ಕಂದುತ್ತದೆ. ಮಳೆ ಕೈಕೊಟ್ಟರೆ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ. ತಿಂಗಳ ಮೊದಲೇ ಬುಕ್ ಮಾಡಿ ಹೂ ನೋಡುವುದು ಆಗುವ ಮಾತಲ್ಲ. ಮಳೆ ಬಿದ್ದ ದಿನ ತೋಟದವರಿಂದ ತಿಳಿದುಕೊಂಡು ಅಲ್ಲಿಂದ ಎಂಟು ದಿನ ಎಣಿಸಿ ಹೊರಡಬೇಕು. ಹೂ ಇರುವ ದಿನಗಳಲ್ಲಿ ಹೆಜ್ಜೇನೂ ಇರುತ್ತದೆ, ಅದರ ಮಾತು ಮುಂದೆ ಬರುತ್ತದೆ.

ಹಂತ 3: ಫೋನ್ ಮಾಡುವುದು, ಏನೇನು ಕೇಳುವುದು

ಎಲ್ಲಕ್ಕಿಂತ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ‘ಅಲ್ಲಿಗೆ ಹೋಗಿ ಕೇಳೋಣ’ ಎಂಬ ನಮ್ಮೂರ ಸಲಿಗೆ ಅಲ್ಲಿ ನಡೆಯದು. ಹೋಂಸ್ಟೇ ಬುಕ್ ಆದ ಮಾತ್ರಕ್ಕೆ ತೋಟದೊಳಗೆ ಎಲ್ಲೆಂದರಲ್ಲಿ ತಿರುಗಬಹುದು ಎಂದೂ ಅಲ್ಲ. ಮನೆ ಒಬ್ಬರದು, ಪಕ್ಕದ ತೋಟ ಇನ್ನೊಬ್ಬರದು ಆಗಿರಬಹುದು.

ಹೊರಡುವ ವಾರದ ಮೊದಲೊಮ್ಮೆ, ಹಿಂದಿನ ಸಂಜೆ ಇನ್ನೊಮ್ಮೆ ಮಾತಾಡಿ. ಕೇಳಬೇಕಾದ್ದು ಇಷ್ಟು. ಈ ವಾರ ಯಾವ ಕಡೆ ಕುಯ್ಲು? ಔಷಧಿ ಹೊಡೆಯುವುದಿದೆಯಾ? ಆನೆ ಸುತ್ತಮುತ್ತ ಇದೆಯಾ? ಜೊತೆಗೆ ಬರಲು ಜನ ಸಿಗುತ್ತಾರಾ? ನಡಿಗೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ಎಷ್ಟು ಹೊತ್ತು? ನಾಯಿ ಕಟ್ಟಿರುತ್ತೀರಾ? ಶೌಚಾಲಯ ಎಲ್ಲಿದೆ? ಕೊಡಬೇಕಾದ ಹಣ ಎಷ್ಟು?

ಔಷಧಿಯ ಪ್ರಶ್ನೆ ಯಾಕೆಂದು ಅಡಿಕೆ ಬೆಳೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ಅಲ್ಲಿ ಎಲೆ ತುಕ್ಕು ರೋಗಕ್ಕೆ ತೆಳು ಮಾಡಿ ಹೊಡೆಯುತ್ತಾರೆ, ಅಡಿಕೆಗೆ ಶೇ. 1 ಆದರೆ ಕಾಫಿಗೆ ಶೇ. 0.5. ಹೊಡೆದ ದಿನ ಆ ಭಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಬೇರೆ ಕೀಟನಾಶಕವಾದರೆ ಆ ತೋಟವನ್ನೇ ಬಿಟ್ಟುಬಿಡಿ.

ಎಷ್ಟು ಜನ, ಎಷ್ಟು ಮಕ್ಕಳು, ಕಾರಿನ ನಂಬರ್ ಏನು ಎಂದು ಮೆಸೇಜ್ ಹಾಕಿಡಿ. ಗೇಟಿನಲ್ಲಿರುವವರಿಗೆ ಕೆಎಲ್ 14 ಎಂಬ ನಂಬರ್ ಪ್ಲೇಟ್ ಅಪರಿಚಿತರದು. ಮೊದಲೇ ಹೇಳಿದ್ದರೆ ಬರೆದುಕೊಂಡಿರುತ್ತಾರೆ, ಚೈನ್ ತೆಗೆಯುತ್ತಾರೆ.

ಎಚ್ಚರಿಕೆಯ ಸೂಚನೆ ಒಂದಿದೆ. ಆನೆಯ ಬಗ್ಗೆ ಕೇಳಿದಾಗ ‘ಏನೂ ಇಲ್ಲ, ನೀವೇ ಹೋಗಿ ಬನ್ನಿ’ ಎಂದು ಥಟ್ಟನೆ ಹೇಳುವವರಿಗಿಂತ ‘ಮೊನ್ನೆ ಕೆಳಗಿನ ಗದ್ದೆಗೆ ಬಂದಿತ್ತು, ನೋಡಿಕೊಂಡು ಹೇಳ್ತೇನೆ’ ಎನ್ನುವವರನ್ನು ನಂಬಿ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಸುತ್ತಲಿನ ತೋಟಗಳಲ್ಲಂತೂ ಜೊತೆಗೆ ತೋಟದ ಆಳಿಲ್ಲದೆ ನಡೆಯುವುದೇ ತಪ್ಪು.

ಹಂತ 4: ಸಾಮಾನು

ಹಿಡಿತ ಇರುವ, ಕಾಲ್ಬೆರಳು ಮುಚ್ಚುವ ಶೂ. ರಬ್ಬರ್ ಚಪ್ಪಲಿ ಹಾಕಿಕೊಂಡು ತೋಟ ಸುತ್ತಿ ಅಭ್ಯಾಸವಿರುವ ನಮ್ಮವರು ಇಲ್ಲೇ ಎಡವುತ್ತಾರೆ. ಒಣಗಿದ ಸಿಲ್ವರ್ ಓಕ್ ಎಲೆ ಇಳಿಜಾರಿನಲ್ಲಿ ಹಾಸಿಕೊಂಡಿದ್ದರೆ ಒಣ ದಿನದಲ್ಲೂ ಚಪ್ಪಲಿ ಜಾರುತ್ತದೆ.

ಇಂಬಳಕ್ಕೆ ಮಂಡಿವರೆಗಿನ ಒತ್ತು ನೇಯ್ಗೆಯ ಬಟ್ಟೆಯ ಕಾಲುಚೀಲ ಸಿಗುತ್ತದೆ. ಮಾಮೂಲು ಸಾಕ್ಸ್‌ನ ಮೇಲೆ ಪ್ಯಾಂಟನ್ನು ಒಳಗೆ ಸೇರಿಸಿ ಇದನ್ನು ಎಳೆದು ಕಟ್ಟಿ, ಆಮೇಲೆ ಶೂ ಹಾಕಬೇಕು. ಫುಟ್‌ಬಾಲ್ ಸಾಕ್ಸ್ ಆಗುವುದಿಲ್ಲ, ಹೆಣಿಗೆಯ ನಡುವೆ ಇಂಬಳ ನುಸುಳುತ್ತದೆ. ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಒದ್ದೆ ಮಾಡಿಟ್ಟುಕೊಂಡರೆ ಶೂ ಹತ್ತುವ ಇಂಬಳಕ್ಕೆ ಮುಟ್ಟಿಸಿದರೆ ಸಾಕು, ಉದುರುತ್ತದೆ. ಹೊಗೆಸೊಪ್ಪಿನ ನೀರನ್ನು ಶೂ ಮೇಲೆ ಬಳಿಯುವವರೂ ಇದ್ದಾರೆ. ಹಿಡಿಗಟ್ಟಲೆ ಉಪ್ಪು ತಂದು ಗಿಡದ ಬುಡದಲ್ಲಿ ಮಾತ್ರ ಚೆಲ್ಲಬೇಡಿ.

ತುಂಬುತೋಳಿನ ಹತ್ತಿ ಅಂಗಿ, ಸಡಿಲ ಪ್ಯಾಂಟ್. ಜೀನ್ಸ್ ಒದ್ದೆಯಾದರೆ ಹೆಜ್ಜೆ ಎತ್ತುವುದು ಕಷ್ಟ. ತಲೆಗೆ ಟೊಪ್ಪಿ ಬೇಕೇ ಬೇಕು, ಯಾಕೆಂದರೆ ಕಾಫಿ ಗಿಡದಲ್ಲಿ ಚಗಳಿ ಇರುವೆಯ ಗೂಡು ಸಾಮಾನ್ಯ. ಎಲೆ ಹೊಲಿದು ಕಟ್ಟಿದ ಗೂಡಿಗೆ ತಲೆ ತಾಗಿದರೆ ಕತ್ತಿನೊಳಗೆ ಸುರಿಯುತ್ತವೆ. ನಮ್ಮ ಅಡಿಕೆ ಹಾಳೆಯ ಮುಟ್ಟಾಳೆ ಇದ್ದರೆ ಅದನ್ನೇ ಒಯ್ಯಿರಿ, ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗದು. ಕೊಡೆ ಬೇಡ, ರೆಂಬೆಗೆ ಸಿಕ್ಕಿ ಹಣ್ಣು ಉದುರುತ್ತದೆ. ಮಳೆ ಅನುಮಾನವಿದ್ದರೆ ರೈನ್‌ಕೋಟ್.

ಒಬ್ಬೊಬ್ಬರಿಗೆ ಒಂದೂವರೆ-ಎರಡು ಲೀಟರ್ ನೀರು, ಟಾರ್ಚ್, ಪವರ್ ಬ್ಯಾಂಕ್, ಸೀಟಿ, ಬ್ಯಾಂಡೇಜ್, ಕಸ ತುಂಬಿಕೊಂಡು ಬರಲು ಒಂದು ಚೀಲ, ಸ್ವಲ್ಪ ನಗದು. ನೆಟ್‌ವರ್ಕ್ ಇಲ್ಲದ ತಗ್ಗುಗಳಲ್ಲಿ ಗೂಗಲ್ ಪೇ ನಡೆಯುವುದಿಲ್ಲ. ಅತ್ತರು, ಪರ್ಫ್ಯೂಮ್ ಮನೆಯಲ್ಲೇ ಇರಲಿ.

ಹಂತ 5: ದಾರಿ ಮತ್ತು ಹೊತ್ತು

ಕಾಸರಗೋಡಿನಿಂದ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ. ಇದು ಮಾಮೂಲು ದಾರಿ, ಸುಮಾರು ಮೂರು ಗಂಟೆ. ಬಸ್ಸಿನಲ್ಲಾದರೆ ಸುಳ್ಯದಲ್ಲಿ ಇಳಿದು ಮಡಿಕೇರಿ ಬಸ್ಸು ಹಿಡಿಯಬೇಕು. ಹೊಸದುರ್ಗ ಕಡೆಯವರು ಪಾಣತ್ತೂರು-ಕರಿಕೆ-ಭಾಗಮಂಡಲ ದಾರಿ ಹಿಡಿಯಬಹುದು. ಕಕ್ಕಬ್ಬೆಗೆ ಅದು ಅನುಕೂಲ. ಆದರೆ ಆ ರಸ್ತೆ ಅಗಲ ಕಿರಿದು, ಕಾಡಿನ ನಡುವೆ ಹೋಗುತ್ತದೆ. ಕತ್ತಲಾದ ಮೇಲೂ ಮಳೆಗಾಲದಲ್ಲೂ ಅದರ ಹಂಬಲ ಬೇಡ.

ಬೆಳಗ್ಗೆ ನಾಲ್ಕೂವರೆಗೆ ಹೊರಟು, ತಲುಪಿದ ಕೂಡಲೇ ಮುಂಜಾವಿನಲ್ಲೇ ತೋಟಕ್ಕೆ ನುಗ್ಗುವುದು ಹಲವರ ಯೋಜನೆ. ಹಾಗೆ ಮಾಡಬೇಡಿ. ರಾತ್ರಿ ತೋಟದಲ್ಲಿ ತಿರುಗಿದ ಆನೆ ಬೆಳಗಿನ ಜಾವ ಕಾಡಿಗೆ ಮರಳುವ ಹೊತ್ತು ಅದು. ಆಳುಗಳು ಬಂದು, ರೈಟರ್ (ತೋಟದ ಕೆಲಸ ನೋಡಿಕೊಳ್ಳುವವರು) ಒಂದು ಸುತ್ತು ಹಾಕಿ, ಯಾವ ಕಡೆ ಕೆಲಸ ಎಂದು ಹಂಚಿದ ಮೇಲೆ, ಅಂದರೆ ಎಂಟು-ಎಂಟೂವರೆಗೆ ಹೆಜ್ಜೆ ಇಡಿ. ಮಧ್ಯಾಹ್ನದೊಳಗೆ ನಡಿಗೆ ಮುಗಿಯಲಿ, ಏನೇ ಆದರೂ ನಾಲ್ಕರೊಳಗೆ ಗೇಟಿನ ಹೊರಗಿರಿ.

ಹಂತ 6: ಗೇಟಿನಲ್ಲಿ ಮೊದಲ ಕಾಲು ಗಂಟೆ

ಕಾರು ನಿಲ್ಲಿಸುವಾಗ ಜೀಪು, ಟ್ರ್ಯಾಕ್ಟರ್ ತಿರುಗುವ ಜಾಗ ಬಿಡಿ. ಕುಯ್ಲಿನ ದಿನಗಳಲ್ಲಿ ಮೂಟೆ ಸಾಗಿಸುವ ದಾರಿಗೆ ಅಡ್ಡ ನಿಂತ ಕಾರು ಅರ್ಧ ತೋಟದ ಕೆಲಸ ನಿಲ್ಲಿಸುತ್ತದೆ.

ರೈಟರನ್ನು ಕಂಡು ಮಾತಾಡಿಸಿ. ತೋಟದ ಇಂಚಿಂಚು ಗೊತ್ತಿರುವವರು ಅವರು. ಯಾವ ಜೀಪ್ ರಸ್ತೆಯಲ್ಲಿ ಹೋಗಿ ಯಾವುದರಲ್ಲಿ ಬರಬೇಕೆಂದು ನೆಲದ ಮೇಲೆ ಗೀರಿ ತೋರಿಸಲು ಹೇಳಿ, ಅದರ ಫೋಟೊ ತೆಗೆದುಕೊಳ್ಳಿ. ಫೋನಿನ ಮ್ಯಾಪ್ ತೆರೆದು ನಿಂತ ಜಾಗಕ್ಕೆ ಗುರುತು ಹಾಕಿ, ಆ ಪ್ರದೇಶವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟಿರಿ. ರೈಟರ್ ನಂಬರನ್ನು ಇಬ್ಬರ ಫೋನಿನಲ್ಲಾದರೂ ಇಟ್ಟುಕೊಳ್ಳಿ. ಯಾರು ಮುಂದೆ, ಯಾರು ಕೊನೆಯಲ್ಲಿ ಎಂದು ಆಗಲೇ ನಿಶ್ಚಯಿಸಿ, ಮಕ್ಕಳು ನಡುವೆ.

ಹಂತ 7: ತೋಟದೊಳಗೆ ನಡೆಯುವ ಬಗೆ

ಜೀಪ್ ರಸ್ತೆ ಮತ್ತು ತುಳಿದು ಸವೆದ ಕಾಲುದಾರಿ, ಈ ಎರಡನ್ನು ಬಿಟ್ಟು ಗಿಡಗಳ ಸಾಲಿನೊಳಗೆ ಇಳಿಯಬೇಡಿ. ಇದಕ್ಕೆ ಮುಖ್ಯ ಕಾರಣ ತೊಟ್ಟಿಲು ಗುಂಡಿ. ಮಳೆ ನೀರೂ ಮಣ್ಣೂ ಕೊಚ್ಚಿಹೋಗದಂತೆ ಇಳಿಜಾರಿಗೆ ಅಡ್ಡವಾಗಿ, ನಾಲ್ಕು ಗಿಡಗಳ ನಡುವೆ ಉದ್ದುದ್ದ ತೋಡಿದ ಗುಂಡಿಗಳಿವು. ವರ್ಷ ಕಳೆದಂತೆ ತರಗೆಲೆ ತುಂಬಿ ನೆಲದ ಸಮಕ್ಕೆ ಕಾಣುತ್ತವೆ. ಕಾಲಿಟ್ಟರೆ ಮಂಡಿವರೆಗೆ ಹೋಗುತ್ತದೆ. ಪಾದ ತಿರುಚಿದರೆ ಆ ಇಳಿಜಾರಿನಲ್ಲಿ ಹೊತ್ತುಕೊಂಡು ಬರುವುದು ಇಬ್ಬರಿಂದಾಗದ ಕೆಲಸ. ಒಳಗೆ ಹೋಗಲೇಬೇಕಾಗಿ ಬಂದರೆ ಕೋಲು ಮೊದಲು, ಕಾಲು ಆಮೇಲೆ. ತರಗೆಲೆಯ ಮೇಲ್ಮೈ ಸುತ್ತಲಿಗಿಂತ ನುಣ್ಣಗೆ, ಚಪ್ಪಟೆಯಾಗಿ ಕಂಡರೆ ಅಲ್ಲೊಂದು ಗುಂಡಿ ಇದೆ ಎಂದೇ ತಿಳಿಯಿರಿ.

ರೆಂಬೆ ಸರಿಸುವಾಗ ಒತ್ತಿ ನುಗ್ಗಬೇಡಿ. ಈ ವರ್ಷ ಹಣ್ಣು ಬಿಟ್ಟ ಗೆಣ್ಣಿನಿಂದ ಮುಂದಕ್ಕೆ ಬೆಳೆದ ಎಳೆ ತುದಿಯಲ್ಲೇ ಮುಂದಿನ ವರ್ಷದ ಫಸಲು. ತುದಿ ಮುರಿದರೆ ಆ ಫಸಲೇ ನಷ್ಟ. ಫೋಟೊಗಾಗಿ ರೆಂಬೆ ಬಗ್ಗಿಸಿ ಹಿಡಿಯುವವರನ್ನು ತೋಟದವರು ಸುಮ್ಮನೆ ನೋಡುತ್ತಾ ನಿಂತಿರುತ್ತಾರೆ. ಮನಸ್ಸಿನಲ್ಲಿ ಆಗುವ ಸಂಕಟ ಹೇಳುವುದಿಲ್ಲ ಅಷ್ಟೆ.

ಕುಯ್ಯುವವರ ಹತ್ತಿರ ನಿಂತು ನೋಡಿ, ಅಡ್ಡ ಬರಬೇಡಿ. ಬುಡಕ್ಕೆ ಚೀಲದ ಹಾಸು ಹಾಸಿರುತ್ತಾರೆ, ಅದನ್ನು ತುಳಿಯಬಾರದು. ಹೆಬ್ಬೆರಳು ತೋರುಬೆರಳ ನಡುವೆ ಹಣ್ಣನ್ನು ಸ್ವಲ್ಪ ತಿರುಗಿಸಿದಂತೆ ಮಾಡಿದರೆ ಕೆಂಪಾದದ್ದು ಬಿಡುತ್ತದೆ, ಹಸಿರು ತೊಟ್ಟಿನಲ್ಲೇ ಉಳಿಯುತ್ತದೆ. ಕುಯ್ಯುವವರ ಕಣ್ಣು ಅಲ್ಲಿರುವುದಿಲ್ಲ, ಮುಂದಿನ ರೆಂಬೆಗೆ ಹೋಗಿರುತ್ತದೆ. ಸಂಜೆ ತೂಕ ಹಾಕಿ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವ ತೋಟಗಳಲ್ಲಿ ನಿಮ್ಮೊಡನೆ ಮಾತಾಡಿದ ಹತ್ತು ನಿಮಿಷವೂ ಅವರ ಕೂಲಿಯಿಂದ ಹೋದದ್ದು. ‘ನಾವೂ ಕುಯ್ದು ನೋಡ್ತೇವೆ ಅಕ್ಕ’ ಎಂದು ಕೈಹಾಕುವ ಮೊದಲು ರೈಟರನ್ನು ಕೇಳಿ. ಹಸಿರು ಕಾಯಿ ಬೆರೆತರೆ ಬೈಸಿಕೊಳ್ಳುವುದು ಆ ಅಕ್ಕ.

ಜನವರಿಯಿಂದ ಮಾರ್ಚ್‌ವರೆಗೆ ಕಾಳುಮೆಣಸಿನ ಕುಯ್ಲೂ ನಡೆಯುತ್ತದೆ. ಮರಕ್ಕೆ ಎತ್ತರದ ಏಣಿ ಒರಗಿಸಿದ ಕಡೆ ಅದರ ಅಡಿ ಹಾದುಹೋಗಬೇಡಿ, ಏಣಿ ಹತ್ತುತ್ತೇನೆಂದು ಕೇಳಲೂ ಬೇಡಿ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಕೆಲಸಗಾರರು ಸತ್ತ ಸುದ್ದಿ ಕಾಫಿ ನಾಡಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಮರಗಸಿ, ಅಂದರೆ ನೆರಳು ಮರದ ರೆಂಬೆ ಕಡಿಯುವ ಕೆಲಸ, ನಡೆಯುವ ಕಡೆಯೂ ಅಷ್ಟೇ, ಮೇಲಿನಿಂದ ಕೂಗು ಕೇಳಿದರೆ ಅಲ್ಲೇ ನಿಲ್ಲಿ.

ನೋಡಿ ಗುರುತಿಸಲು ಮಕ್ಕಳಿಗೆ ಒಂದು ಕೆಲಸ ಕೊಡಿ. ಸಣ್ಣ, ಕಡು ಹಸಿರು ಎಲೆ, ಗಿಡ ಗಿಡ್ಡ ಆದರೆ ಅರೇಬಿಕಾ. ಅಗಲವಾದ, ನೆರಿಗೆ ಬಿದ್ದಂತಿರುವ ಎಲೆ, ಗೊಂಚಲು ಗೊಂಚಲು ಹಣ್ಣು ಆದರೆ ರೊಬಸ್ಟಾ. ಸಾವಿರ ಮೀಟರಿನ ಆಚೀಚೆ ಎತ್ತರದಲ್ಲಿ ಎರಡೂ ಸಿಗುತ್ತವೆ. ಮೇಲೇರಿದಂತೆ ಅರೇಬಿಕಾ, ಕೆಳಗಿಳಿದಂತೆ ರೊಬಸ್ಟಾ. ನೆರಳಿಗೆ ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಹಲಸು. ಇಷ್ಟು ಗೊತ್ತಾದರೆ ದಾರಿಯ ಗುರುತೂ ಉಳಿಯುತ್ತದೆ: ‘ಹಲಸಿನ ಮರದ ಹತ್ತಿರ ಎಡಕ್ಕೆ ತಿರುಗಿದೆವು’ ಎಂದು ಮಗುವೇ ಹೇಳುತ್ತದೆ.

ಕಣಕ್ಕೆ ಬಂದಾಗ ಶೂ ಕಳಚಿ, ಕೇಳದೆ ಕಾಲಿಡಬೇಡಿ. ಅಡಿಕೆ ಅಂಗಳದಲ್ಲಿ ಹಾಗೇ ನಡೆದಾಡುವ ನಮಗೆ ಇದು ಅತಿ ಎನಿಸಬಹುದು. ಆದರೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆದ ಕಾಫಿ ಬೀಜ (ಪಾರ್ಚ್‌ಮೆಂಟ್) ಕುಡಿಯುವ ವಸ್ತು, ಮಣ್ಣು ಮತ್ತು ವಾಸನೆ ಎರಡನ್ನೂ ಹಿಡಿದುಕೊಳ್ಳುತ್ತದೆ.

ಹಂತ 8: ಆನೆಯ ಸುಳಿವು ಸಿಕ್ಕಿದರೆ

ಕಾರಡ್ಕ, ದೇಲಂಪಾಡಿ ಕಡೆಯವರಿಗೆ ಆನೆ ಹೊಸದಲ್ಲ. ಹೊಸದು ಅಲ್ಲಿನ ಮರೆ. ಕಾಫಿ ಗಿಡದ ನಡುವೆ ನಿಂತ ಆನೆ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣದಿರಬಹುದು. ಆದ್ದರಿಂದ ಆನೆ ಕಂಡ ಮೇಲೆ ಏನು ಎನ್ನುವುದಕ್ಕಿಂತ ಕಾಣುವ ಮೊದಲು ಏನು ಎನ್ನುವುದೇ ಮುಖ್ಯ.

ಲದ್ದಿ ಕಂಡರೆ ನಿಂತು ನೋಡಿ. ಹೊಳಪಿದ್ದು, ಹಬೆಯಾಡುತ್ತಿದ್ದರೆ ಆಗಷ್ಟೇ ಹೋಗಿದೆ. ಒಣಗಿ ಬಿರಿದಿದ್ದರೆ ಹಳೆಯದು. ಕೊಡಗಿನ ಆನೆ ಲದ್ದಿಯಲ್ಲಿ ಕಾಫಿ ಬೀಜ ಇಡಿಯಾಗಿ ಕಾಣುವುದೂ ಇದೆ, ಹಣ್ಣು ತಿನ್ನಲು ಕಲಿತಿವೆ. ಮುರಿದ ರೆಂಬೆಯಲ್ಲಿ ಇನ್ನೂ ಹಾಲು ಒಸರುತ್ತಿದ್ದರೆ, ಬಾಳೆ, ಬೈನೆ ಸೀಳಿ ಬಿದ್ದಿದ್ದರೆ, ಎಸ್ಟೇಟಿನ ನಾಯಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಬೊಗಳುತ್ತಿದ್ದರೆ, ದೂರದಲ್ಲಿ ಪಟಾಕಿ ಸದ್ದು ಕೇಳಿದರೆ ಮುಂದೆ ಹೋಗಬೇಡಿ. ಹಲಸು ಹಣ್ಣಾಗುವ ದಿನಗಳಲ್ಲಿ ಅದರ ವಾಸನೆ ಬರುವ ತಗ್ಗುಗಳನ್ನೂ ಬಿಡಿ.

ಮಾಡಬೇಕಾದ್ದು: ಮಾತು ನಿಲ್ಲಿಸಿ, ಮಕ್ಕಳ ಕೈ ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ. ಜೀಪ್ ರಸ್ತೆಗೆ ಬಂದ ಮೇಲೆ ರೈಟರಿಗೆ ಫೋನ್. ಅರಣ್ಯ ಇಲಾಖೆಯ ತಂಡವನ್ನು ಕರೆಯುವುದು ಅವರಿಗೆ ಬಿಟ್ಟದ್ದು. ಬೊಬ್ಬೆ ಹಾಕಬೇಡಿ, ಕಲ್ಲೆಸೆಯಬೇಡಿ, ಒಳದಾರಿ ಹುಡುಕಬೇಡಿ. ಮೊಬೈಲ್ ಎತ್ತಿ ಹತ್ತಿರ ಹೋಗುವವರು ನಿಮ್ಮ ಗುಂಪಿನಲ್ಲಿದ್ದರೆ ಅವರನ್ನು ಹೊರಡುವಾಗಲೇ ಎಚ್ಚರಿಸಿಡಿ. ಆನೆ ಬೆನ್ನಟ್ಟಿದರೆ ಹೆಗಲ ಚೀಲ ಅಲ್ಲೇ ಎಸೆದು ಲೈನ್ ಮನೆ (ಆಳುಗಳು ವಾಸಿಸುವ ಸಾಲುಮನೆ) ಅಥವಾ ಕಟ್ಟಡದ ಕಡೆಗೆ ಓಡಿ.

ಸೋಲಾರ್ ಬೇಲಿಯ ತಂತಿ ಮುಟ್ಟಬಾರದು, ಆನೆ ಕಂದಕ ದಾಟಬಾರದು. ಕಂದಕದಾಚೆ ಇರುವುದು ಕಾಡು, ಅಲ್ಲಿಗೆ ನಿಮಗೆ ಅನುಮತಿ ಇಲ್ಲ.

ಹಂತ 9: ಇಂಬಳ, ಹೆಜ್ಜೇನು, ಹಾವು

ಇಂಬಳ ಕಚ್ಚಿದರೆ ಎಳೆಯಬೇಡಿ. ಸಪೂರ ಇರುವ ಕಡೆ ಅದರ ಬಾಯಿ. ಚರ್ಮಕ್ಕೆ ಒತ್ತಿದಂತೆ ಉಗುರು ಜಾರಿಸಿದರೆ ಹಿಡಿತ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಬಹಳ ಹೊತ್ತು ಒಸರುತ್ತದೆ, ಗಾಬರಿ ಬೇಡ. ತೊಳೆದು, ಹತ್ತಿ ಇಟ್ಟು ಒತ್ತಿ ಹಿಡಿದು, ಬ್ಯಾಂಡೇಜ್ ಹಾಕಿ. ತೊರೆಗೆ ಬಾಯಿ ಹಚ್ಚಿ ನೀರು ಕುಡಿಯಬೇಡಿ, ಮೂಗಿನೊಳಗೆ ಸೇರಿದರೆ ಡಾಕ್ಟರ ಹತ್ತಿರವೇ ಹೋಗಬೇಕಾಗುತ್ತದೆ. ದಾರಿಯಲ್ಲಿ ಕೂರುವುದಾದರೆ ಬಿಸಿಲು ಬಿದ್ದ ಬಂಡೆಯ ಮೇಲೆ, ತರಗೆಲೆಯ ಮೇಲಲ್ಲ.

ಹೂ ಬಿಡುವ ದಿನಗಳಲ್ಲಿ ಎತ್ತರದ ಮರಗಳನ್ನು ಆಗಾಗ ತಲೆಯೆತ್ತಿ ನೋಡಿ. ಹೆಜ್ಜೇನಿನ ಗೂಡು ಕಂಡ ಮರದಡಿ ನಿಲ್ಲಬಾರದು, ಬೀಡಿ-ಸಿಗರೇಟು ಹಚ್ಚಬಾರದು, ಡ್ರೋನ್ ಹಾರಿಸಬಾರದು. ಹೆಜ್ಜೇನು ಎದ್ದರೆ ಮುಖ, ತಲೆ ಮುಚ್ಚಿಕೊಂಡು ಕಟ್ಟಡ ಅಥವಾ ಕಾರಿನೊಳಗೆ ಓಡಿ.

ಕಾಫಿ ಗಿಡದ ರೆಂಬೆಯ ಮೇಲೆ ಹಸಿರು, ಕಂದು ಮಂಡಲದ ಜಾತಿಯ ಹಾವುಗಳು ಅಲುಗದೆ ಕೂತಿರುತ್ತವೆ. ಆಸರೆಗೆ ರೆಂಬೆ ಹಿಡಿಯುವ ಮೊದಲು ಕಣ್ಣು ಹಾಯಿಸಿ. ಕಚ್ಚಿದರೆ ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಆ ಅಂಗವನ್ನು ಅಲುಗಾಡಿಸದಂತೆ ಕೋಲಿಗೆ ಸಡಿಲವಾಗಿ ಸುತ್ತಿ, ಎತ್ತಿಕೊಂಡು ಜೀಪ್ ರಸ್ತೆಗೆ ತನ್ನಿ. ಅಲ್ಲಿಂದ ನೇರ ಮಡಿಕೇರಿಯ ಜಿಲ್ಲಾಸ್ಪತ್ರೆ.

ಹಂತ 10: ದಾರಿ ತಪ್ಪಿದರೆ

ಎರಡು ಬಾರಿ ಅದೇ ತಿರುವು ಕಂಡಿತು, ಅಥವಾ ಕಾಲು ಗಂಟೆಯಿಂದ ಜೀಪ್ ರಸ್ತೆ ಸಿಕ್ಕಿಲ್ಲ ಎಂದಾದರೆ ನೀವು ದಾರಿ ತಪ್ಪಿದ್ದೀರಿ. ಆಗ ಜನ ಮಾಡುವ ದೊಡ್ಡ ತಪ್ಪು ಇಳಿಜಾರಿನಲ್ಲಿ ಅಡ್ಡದಾರಿ ಹಿಡಿಯುವುದು. ಕೆಳಗೆ ತೊರೆಯೋ ಕಂದಕವೋ ಸಿಗುತ್ತದೆ, ನೆಟ್‌ವರ್ಕ್ ಹೋಗುತ್ತದೆ, ಮತ್ತೆ ಹತ್ತಲು ಶಕ್ತಿ ಉಳಿದಿರುವುದಿಲ್ಲ.

ಕೊನೆಯದಾಗಿ ನೋಡಿದ ಜೀಪ್ ರಸ್ತೆಗೆ ಮರಳಿ. ತೋಟದ ಜೀಪ್ ರಸ್ತೆಗಳೆಲ್ಲ ಲೈನ್ ಮನೆ, ಕಣ, ಪಂಪ್‌ಹೌಸ್, ಗೇಟು ಇವುಗಳಲ್ಲಿ ಯಾವುದನ್ನಾದರೂ ಮುಟ್ಟುತ್ತವೆ. ಟಯರಿನ ಗುರುತು ಹೊಸದಾಗಿರುವ ಕಡೆಗೆ ನಡೆಯಿರಿ. ಜೀಪ್ ರಸ್ತೆಯೂ ಸಿಗದಿದ್ದರೆ ಇದ್ದಲ್ಲೇ ನಿಂತು ಲೊಕೇಶನ್ ಕಳಿಸಿ, ಮೂರು ಮೂರು ಸಲ ಸೀಟಿ ಊದಿ. ಗುಂಪು ಒಡೆದು ಇಬ್ಬರು ಹುಡುಕಲು ಹೋಗುವುದು ಮಾತ್ರ ಬೇಡ.

ಹಂತ 11: ಘಟ್ಟ ಇಳಿಯುವ ಮೊದಲು

ಕಾರು ಹತ್ತುವ ಮುಂಚೆ ಎಲ್ಲರೂ ಶೂ, ಸಾಕ್ಸ್ ಕಳಚಿ ನೋಡಿ; ಮಡಿಸಿದ ಪ್ಯಾಂಟಿನ ಅಂಚು, ಸೊಂಟದ ಪಟ್ಟಿ, ಮಕ್ಕಳ ಕಿವಿಯ ಹಿಂದೆ. ಜೊತೆಗೆ ಬಂದ ಆಳಿಗೆ ಕೊಡಬೇಕಾದ ಹಣ ಅವರ ಕೈಗೇ ಕೊಡಿ.

ಪುಡಿ ಕೊಳ್ಳುವುದಾದರೆ ಮೂರು ಮಾತು ಕೇಳಿ: ಅರೇಬಿಕಾವೋ ರೊಬಸ್ಟಾವೋ, ಚಿಕೋರಿ ಶೇಕಡಾ ಎಷ್ಟು, ಹುರಿದದ್ದು ಯಾವಾಗ. ನೆನಪಿಗೆಂದು ತೋಟದ ಸಸಿ, ಬಿದ್ದ ಹಣ್ಣು ಚೀಲಕ್ಕೆ ಹಾಕಿಕೊಳ್ಳಬೇಡಿ.

ಐದರೊಳಗೆ ಮಡಿಕೇರಿ ಬಿಟ್ಟರೆ ಸಂಪಾಜೆ ಘಟ್ಟ ಬೆಳಕಿನಲ್ಲೇ ಮುಗಿಯುತ್ತದೆ. ಮಂಜು ಕವಿದರೆ ಹೈಬೀಮ್ ಹಾಕಬೇಡಿ, ಬಿಳಿ ಗೋಡೆಯೇ ಎದುರು ನಿಲ್ಲುತ್ತದೆ. ಲೋಬೀಮ್, ಎರಡನೇ ಗೇರ್, ತಿರುವಿನಲ್ಲಿ ಹಾರ್ನ್. ನಡೆದು ದಣಿದವರೇ ಸ್ಟೇರಿಂಗ್ ಹಿಡಿಯುವುದಾದರೆ ಸುಳ್ಯದಲ್ಲಿ ಚಹಾಕ್ಕೆ ನಿಲ್ಲಿಸಿ, ಅಥವಾ ಆ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಹೊರಡಿ.

ಮನೆಗೆ ಬಂದ ಮೇಲೆ ಒಂದೆರಡು ವಾರ ಮೈ ಮೇಲೆ ಗಮನವಿರಲಿ. ಇಂಬಳ ಕಚ್ಚಿದ ಜಾಗ ಕೆಂಪಗಾಗಿ ಬಾತರೆ, ಕಂಕುಳು, ತೊಡೆಸಂದಿನಲ್ಲಿ ಉಣ್ಣೆ ಕಚ್ಚಿಕೊಂಡಿರುವುದು ಕಂಡರೆ, ಜ್ವರ ಮತ್ತು ಮೈಕೈ ನೋವು ಶುರುವಾದರೆ ಪ್ಯಾರಾಸಿಟಮಾಲ್ ನುಂಗಿ ಕೂರದೆ ಆಸ್ಪತ್ರೆಗೆ ಹೋಗಿ. ಯಾವ ದಿನ, ಯಾವ ಕಡೆಯ ತೋಟದಲ್ಲಿ ನಡೆದಿದ್ದಿರಿ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ. ಇಲಿಜ್ವರಕ್ಕೋ ಉಣ್ಣೆಯಿಂದ ಬರುವ ಜ್ವರಕ್ಕೋ ಪರೀಕ್ಷೆ ಮಾಡಿಸಬೇಕೇ ಎಂದು ಅವರು ತೀರ್ಮಾನಿಸುವುದು ಆ ಮಾತಿನಿಂದಲೇ.